ಸ್ಲೈಡ್‌ಗಳ ನಡುವೆ ವಿಡಿಯೊ ತುಣುಕು: ಕ್ರೈಸ್ತ ಶಿಕ್ಷಕರಿಗೆ, ಶಿಬಿರ ನಡೆಸುವವರಿಗೆ ಉಪಯುಕ್ತ ಮಾಹಿತಿ

ನಮ್ಮ ಕರಾವಳಿಯ ಇಗರ್ಜಿಗಳ ಸಭಾಂಗಣಗಳಲ್ಲಿ ಇಂದು ಪ್ರೊಜೆಕ್ಟರ್ ಅಪರೂಪದ ವಸ್ತುವಲ್ಲ. ಭಾನುವಾರದ ಕ್ರೈಸ್ತ ಶಿಕ್ಷಣವಿರಲಿ, ವಿವಾಹ ಸಿದ್ಧತಾ ಶಿಬಿರವಿರಲಿ, ತಪಸ್ಸುಕಾಲದ ಧ್ಯಾನಕೂಟವಿರಲಿ, ಯುವಜನರ ಸಭೆಯಿರಲಿ, ಪವರ್‌ಪಾಯಿಂಟ್ ಸ್ಲೈಡ್‌ಗಳೂ ಅವುಗಳ ನಡುವೆ ಒಂದೆರಡು ವಿಡಿಯೊ ತುಣುಕುಗಳೂ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಇದು ಸ್ವಾಗತಾರ್ಹ. ಚಲನಚಿತ್ರದ ಶಕ್ತಿಯನ್ನು ಧರ್ಮಸಭೆ ಬಹಳ ಹಿಂದೆಯೇ ಗುರುತಿಸಿತ್ತು. 1936ರಲ್ಲಿ ಪೋಪ್ 11ನೇ ಪಿಯುಸ್‌ರವರು ಸಿನಿಮಾದ ಬಗ್ಗೆಯೇ ಒಂದು ವಿಶ್ವಪತ್ರ ಬರೆದರು. 1957ರಲ್ಲಿ 12ನೇ ಪಿಯುಸ್‌ರವರು ಸಿನಿಮಾ, ರೇಡಿಯೊ, ಟಿವಿ ಈ ಮೂರರ ಬಗ್ಗೆ ಬರೆದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಾಮಾಜಿಕ ಸಂಪರ್ಕ ಮಾಧ್ಯಮಗಳ ಕುರಿತ ತನ್ನ ತೀರ್ಪುಪತ್ರವನ್ನು ಹೊರಡಿಸಿತು. ಆದುದರಿಂದ ವಿಡಿಯೊ ತೋರಿಸಬಹುದೇ ಎಂಬುದು ಈಗ ಪ್ರಶ್ನೆಯೇ ಅಲ್ಲ. ಹೇಗೆ ತೋರಿಸಬೇಕು ಎಂಬುದೇ ಪ್ರಶ್ನೆ.

ನಾವು ಸಭಾಂಗಣಗಳಲ್ಲಿ ಪದೇ ಪದೇ ಕಾಣುವ ದೃಶ್ಯ ಹೀಗಿದೆ. ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿ ಮಾತನಾಡುತ್ತಿರುತ್ತಾರೆ. ವಿಡಿಯೊದ ಸ್ಲೈಡ್ ಬರುತ್ತದೆ, ಪರದೆಯ ಮೇಲೆ ಕಪ್ಪು ಚೌಕ ಮಾತ್ರ ಕಾಣುತ್ತದೆ. 'ಒಂದು ನಿಮಿಷ' ಎನ್ನುತ್ತಾ ಅವರು ಪೆನ್‌ಡ್ರೈವ್ ಹುಡುಕುತ್ತಾರೆ, ಯಾರದೋ ಮೊಬೈಲ್‌ನಿಂದ ಹಾಟ್‌ಸ್ಪಾಟ್ ಕೇಳುತ್ತಾರೆ, ಯೂಟ್ಯೂಬ್ ತೆರೆಯುತ್ತಾರೆ. ಕ್ಷಮೆಯ ಕುರಿತ ದೃಶ್ಯಕ್ಕೆ ಮೊದಲು ಸಾಬೂನಿನ ಜಾಹೀರಾತು ಬರುತ್ತದೆ. ಹಿಂದಿನ ಬೆಂಚಿನಲ್ಲಿ ನಗು. ಅಂತೂ ಶುರುವಾದ ವಿಡಿಯೊ 12 ನಿಮಿಷ ಓಡುತ್ತದೆ. ಮುಗಿದ ಮೇಲೆ, 'ನೋಡಿದಿರಲ್ಲ, ಇನ್ನು ನಾನು ಹೇಳುವುದೇನೂ ಉಳಿದಿಲ್ಲ' ಎಂಬ ಮಾತಿನೊಂದಿಗೆ ಅವಧಿ ಮುಗಿಯುತ್ತದೆ.

ನಮ್ಮ ತಕರಾರು ಯಂತ್ರದ ಮೇಲಲ್ಲ, ಆ ಕೊನೆಯ ಮಾತಿನ ಮೇಲೆ. ಮದುವೆಯಾಗಲಿರುವ ಜೋಡಿಗೆ ಧರ್ಮಸಭೆಯೊಂದಿಗೆ ಕುಳಿತು ಮಾತನಾಡಲು ಸಿಗುವುದು ಶಿಬಿರದ ಕೆಲವೇ ಗಂಟೆಗಳು. ಕ್ರೈಸ್ತ ಶಿಕ್ಷಣದ ಮಗುವಿಗೆ ವಾರಕ್ಕೊಂದು ತರಗತಿ. ಅದರಲ್ಲಿ ಕಾಲು ಗಂಟೆ ಪರದೆಗೆ ಹೋದರೆ ಆ ಮಗು ತನ್ನ ಪ್ರಶ್ನೆಯನ್ನು ಕೇಳುವುದು ಯಾವಾಗ? ತುಣುಕು ಬೋಧಕನ ಬದಲಿಗೆ ನಿಲ್ಲುವಂಥದ್ದಲ್ಲ. ಒಂದು ಪ್ರಶ್ನೆಯನ್ನು ಎಲ್ಲರ ಕಣ್ಣ ಮುಂದೆ ತಂದಿಟ್ಟು ಪಕ್ಕಕ್ಕೆ ಸರಿಯುವುದಷ್ಟೇ ಅದರ ಕೆಲಸ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನ ತಾಂತ್ರಿಕ ಸಂಗತಿಗಳೆಲ್ಲ ಸುಲಭ.

ಒಂದು ದೃಶ್ಯ, ಒಂದು ಪ್ರಶ್ನೆ

ಉದಾಹರಣೆಯಾಗಿ 'ದಿ ಮಿಶನ್' ಚಿತ್ರವನ್ನು ತೆಗೆದುಕೊಳ್ಳೋಣ. ರೋಲಂಡ್ ಜೋಫೆ ನಿರ್ದೇಶನದ ಈ ಚಿತ್ರ 1986ರಲ್ಲಿ ಬಂತು, ಅದೇ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. 1995ರಲ್ಲಿ ಸಿನಿಮಾಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ ವ್ಯಾಟಿಕನ್ನಿನ ಅಂದಿನ ಸಾಮಾಜಿಕ ಸಂಪರ್ಕ ಪರಿಷತ್ತು ಧರ್ಮ, ಮೌಲ್ಯ, ಕಲೆ ಎಂಬ 3 ವಿಭಾಗಗಳಲ್ಲಿ ತಲಾ 15ರಂತೆ 45 ಚಿತ್ರಗಳ ಪಟ್ಟಿಯನ್ನು ಪ್ರಕಟಿಸಿತು. ಅದರ ಧರ್ಮ ವಿಭಾಗದಲ್ಲಿ ಈ ಚಿತ್ರವೂ ಇದೆ.

ಕಥೆ 18ನೇ ಶತಮಾನದ ದಕ್ಷಿಣ ಅಮೆರಿಕದ್ದು. ಮೆಂಡೋಜಾ ಎಂಬವನು ಗ್ವಾರಾನಿ ಆದಿವಾಸಿಗಳನ್ನು ಹಿಡಿದು ಗುಲಾಮರನ್ನಾಗಿ ಮಾರುವವನು. ಸಿಟ್ಟಿನ ಭರದಲ್ಲಿ ಸ್ವಂತ ತಮ್ಮನನ್ನೇ ಕೊಂದುಬಿಡುತ್ತಾನೆ. ಯೇಸುಸಭೆಯ ಗುರು ಗಾಬ್ರಿಯೆಲ್‌ರವರ ಮಾತಿನಂತೆ ಪ್ರಾಯಶ್ಚಿತ್ತಕ್ಕೆ ಒಪ್ಪಿ, ತನ್ನ ಕತ್ತಿ-ಕವಚಗಳನ್ನು ಬಲೆಯಲ್ಲಿ ಕಟ್ಟಿಕೊಂಡು, ಜಲಪಾತದ ಪಕ್ಕದ ಕಡಿದಾದ ಬಂಡೆಯ ಮೇಲೆ ಎಳೆದುಕೊಂಡು ಹತ್ತುತ್ತಾನೆ. ನಡುದಾರಿಯಲ್ಲಿ ಅವನ ಪಾಡು ನೋಡಲಾಗದೆ ಒಬ್ಬ ಗುರು ಹಗ್ಗವನ್ನು ಕತ್ತರಿಸುತ್ತಾರೆ. ಮೂಟೆ ಕೆಳಗುರುಳುತ್ತದೆ. ಮೆಂಡೋಜಾ ಮೌನವಾಗಿ ಇಳಿದು ಹೋಗಿ ಮತ್ತೆ ಅದನ್ನು ಕಟ್ಟಿಕೊಳ್ಳುತ್ತಾನೆ. ಕೊನೆಗೆ ಮೇಲೆ ತಲಪಿದಾಗ ಅಲ್ಲಿರುವವರು ಅವನು ಬೇಟೆಯಾಡಿದ ಅದೇ ಗ್ವಾರಾನಿಗಳು. ಒಬ್ಬ ಚೂರಿ ಹಿಡಿದು ಅವನ ಕುತ್ತಿಗೆಗಿಡುತ್ತಾನೆ. ಮರುಕ್ಷಣ ಆ ಚೂರಿ ಕತ್ತರಿಸುವುದು ಹಗ್ಗವನ್ನು. ಮೂಟೆ ನದಿಗೆ ಬೀಳುತ್ತದೆ. ಮೆಂಡೋಜಾ ಬಿಕ್ಕಿ ಅಳುತ್ತಾನೆ, ಸುತ್ತಲಿನವರು ನಗುತ್ತಾರೆ, ಅವನ ಅಳುವೂ ನಗೆಯಾಗುತ್ತದೆ.

ಪಾಪನಿವೇದನೆಯ ಸಂಸ್ಕಾರದ ಕುರಿತ ಪಾಠಕ್ಕೆ ಇದಕ್ಕಿಂತ ಸೂಕ್ತ ದೃಶ್ಯ ನಮಗೆ ತಿಳಿದಿಲ್ಲ. ಮಾತು ತೀರಾ ಕಡಿಮೆಯಾದುದರಿಂದ ಇಂಗ್ಲಿಷ್ ಬಾರದವರಿಗೂ ಅಡ್ಡಿಯಿಲ್ಲ. ಇಡೀ ಏರುವಿಕೆ ಬೇಡ. ಮೊದಲ ಸಲ ಹಗ್ಗ ಕತ್ತರಿಸುವ ಭಾಗ, ಆಮೇಲೆ ಮೇಲೆ ತಲಪಿದ ಭಾಗ, ಇವೆರಡು ಸಾಕು. ತೋರಿಸುವ ಮೊದಲು ಒಂದೇ ಪ್ರಶ್ನೆ ಕೊಡಿರಿ: 'ಹಗ್ಗ ಎರಡು ಸಲ ತುಂಡಾಗುತ್ತದೆ. ಮೊದಲ ಸಲ ಅವನಿಗೆ ಬಿಡುಗಡೆ ಸಿಗಲಿಲ್ಲ, ಎರಡನೇ ಸಲ ಸಿಕ್ಕಿತು. ಏಕೆ?' ಉತ್ತರ ಸಭಿಕರಿಂದಲೇ ಬರಬೇಕು. ಗುರು ಕತ್ತರಿಸಿದ್ದು ಕನಿಕರದಿಂದ, ಆದರೆ ಮೆಂಡೋಜಾ ಅನ್ಯಾಯ ಮಾಡಿದ್ದು ಆ ಗುರುವಿಗಲ್ಲ. ಅನ್ಯಾಯಕ್ಕೊಳಗಾದವರ ಕೈಯಿಂದ ಹಗ್ಗ ತುಂಡಾದಾಗ ಅವನು ಅತ್ತ. ಇಲ್ಲಿಂದ ಮುಂದೆ ಬೋಧಕರ ಕೆಲಸ. ಚಿತ್ರದಲ್ಲಿ ಸಂಸ್ಕಾರದ ವಿಧಿ ಕಾಣುವುದಿಲ್ಲ. ಪಾಪಕ್ಷಮೆ ದೇವರ ವರದಾನ, ಅದು ಗುರುವಿನ ಮೂಲಕ ಬರುತ್ತದೆ, ಪ್ರಾಯಶ್ಚಿತ್ತ ಅದರ ಬೆಲೆಯಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕು. ಇಲ್ಲವಾದರೆ ಭಾರ ಹೊತ್ತದ್ದರಿಂದ ಕ್ಷಮೆಯನ್ನು ಸಂಪಾದಿಸಿದ ಎಂದೇ ಮಕ್ಕಳು ತಿಳಿಯುತ್ತಾರೆ. ಕುತ್ತಿಗೆಗೆ ಚೂರಿ ಇಡುವ ದೃಶ್ಯವಿರುವುದರಿಂದ ಪ್ರಥಮ ಪರಮಪ್ರಸಾದದ ಪುಟಾಣಿಗಳಿಗೆ ಇದು ಬೇಡ, ಹೈಸ್ಕೂಲಿನವರಿಗೆ ಆಗಬಹುದು.

ಕುಟುಂಬಗಳಿಗಾಗಿ ಅದೇ ಪಟ್ಟಿಯ ಮೌಲ್ಯ ವಿಭಾಗದಲ್ಲಿರುವ, ಡಿ ಸಿಕಾ ಅವರ 1948ರ ಇಟಾಲಿಯನ್ ಚಿತ್ರ 'ಬೈಸಿಕಲ್ ಥೀವ್ಸ್'ನ ಕೊನೆಯ ದೃಶ್ಯವನ್ನು ಪರಿಗಣಿಸಬಹುದು. ಮಗನ ಕಣ್ಣೆದುರೇ ಕದ್ದು ಸಿಕ್ಕಿಬಿದ್ದ ತಂದೆಯ ಕೈಯನ್ನು ಆ ಪುಟ್ಟ ಮಗ ಹಿಡಿದುಕೊಳ್ಳುತ್ತಾನೆ. ಇಲ್ಲಿಯೂ ಭಾಷೆ ಬೇಕಿಲ್ಲ.

ಪರಿಣಾಮ ಬೀರುವ ದೃಶ್ಯಗಳೆಲ್ಲ ಪಾಠಕ್ಕೆ ಒದಗುತ್ತವೆ ಎಂದಲ್ಲ. 2004ರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಚಿತ್ರದಲ್ಲಿ ಯೇಸುವನ್ನು ಕೊರಡೆಗಳಿಂದ ಹೊಡೆಯುವ ದೃಶ್ಯವನ್ನು ತಪಸ್ಸುಕಾಲದಲ್ಲಿ ಚಿಕ್ಕ ಮಕ್ಕಳಿಗೆ ತೋರಿಸುವವರಿದ್ದಾರೆ. ಹಿಂಸೆಯ ಕಾರಣಕ್ಕಾಗಿಯೇ ಅಮೆರಿಕದಲ್ಲಿ ಆ ಚಿತ್ರಕ್ಕೆ 'ಆರ್' ಶ್ರೇಣಿ ನೀಡಲಾಗಿತ್ತು. ಅಂದರೆ 17 ವರ್ಷಕ್ಕಿಂತ ಕೆಳಗಿನವರು ಹಿರಿಯರ ಜೊತೆಯಲ್ಲೇ ನೋಡಬೇಕು. ಅಲ್ಲಿ ಅತ್ತ ಮಗು ಭಕ್ತಿಯಿಂದ ಅತ್ತಿತೇ ಹೆದರಿಕೆಯಿಂದ ಅತ್ತಿತೇ ಎಂದು ಬೋಧಕರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಎಷ್ಟು ಉದ್ದ?

ಎರಡರಿಂದ ನಾಲ್ಕು ನಿಮಿಷ. ಇದು ನಮ್ಮ ಅಳತೆ, ನಿಯಮವೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರು ಚಿತ್ರ ಮತ್ತು ಮಾತು ಜೊತೆಗೂಡಿದಾಗ ಕಲಿಕೆ ಹೇಗೆ ನಡೆಯುತ್ತದೆ ಎಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದವರು. ಅವರ 'ಮಲ್ಟಿಮೀಡಿಯಾ ಲರ್ನಿಂಗ್' ಪುಸ್ತಕ 2001ರಲ್ಲಿ ಪ್ರಕಟವಾಯಿತು. ಅವರ ತೀರ್ಮಾನಗಳಲ್ಲಿ ನಮಗೆ ಬೇಕಾದವು ಎರಡು. ವಿಷಯಕ್ಕೆ ಸಂಬಂಧಿಸದ ಸೊಗಸನ್ನು ಬಿಟ್ಟರೆ ಕಲಿಕೆ ಹೆಚ್ಚುತ್ತದೆ. ಉದ್ದದ ವಿವರಣೆಯನ್ನು ತುಂಡು ತುಂಡಾಗಿ, ನಡುವೆ ಬಿಡುವು ಕೊಟ್ಟು ತೋರಿಸಿದರೆ ಮನಸ್ಸಿಗೆ ಹತ್ತುತ್ತದೆ. ಆದುದರಿಂದ 8 ನಿಮಿಷದ ತುಣುಕು ಅನಿವಾರ್ಯವಾದರೆ ಅದನ್ನು ಎರಡು ಸ್ಲೈಡ್‌ಗಳಲ್ಲಿಟ್ಟು ನಡುವೆ ನಿಲ್ಲಿಸಿರಿ. ವಿಡಿಯೊ ಓಡುತ್ತಿರುವಾಗ ಅದರ ಮೇಲೆ ತಾವೂ ಮಾತನಾಡುವುದಂತೂ ಬೇಡವೇ ಬೇಡ. ಎರಡು ಧ್ವನಿಗಳಲ್ಲಿ ಒಂದೂ ಕೇಳಿಸುವುದಿಲ್ಲ.

ಅನ್ಯಭಾಷೆಯ ಸಂಭಾಷಣೆಯಿದ್ದರೆ ಕನ್ನಡದಲ್ಲೋ ಕೊಂಕಣಿಯಲ್ಲೋ ಸಾರಾಂಶವನ್ನು ಮೊದಲೇ ನಾಲ್ಕು ವಾಕ್ಯದಲ್ಲಿ ಹೇಳಿಬಿಡುವುದು ಉತ್ತಮ. ಸ್ಲೈಡ್‌ನಲ್ಲೇ ವಿಡಿಯೊದ ಕೆಳಗೆ ಕನ್ನಡದ ಒಂದೆರಡು ಸಾಲು ಬರೆಯುವುದಾದರೆ ಯೂನಿಕೋಡ್ ಅಕ್ಷರವನ್ನೇ ಬಳಸಿರಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಫೈಲ್‌ನ ಒಳಗೋ ಹೊರಗೋ?

ಕಪ್ಪು ಚೌಕದ ರಹಸ್ಯ ಹೆಚ್ಚಾಗಿ ಇಲ್ಲಿದೆ. ಪವರ್‌ಪಾಯಿಂಟ್ 2007 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ವಿಡಿಯೊ ಸ್ಲೈಡ್‌ನೊಳಗೆ ಸೇರುತ್ತಿರಲಿಲ್ಲ. ಅದು ಕಂಪ್ಯೂಟರಿನಲ್ಲಿ ಎಲ್ಲಿದೆ ಎಂಬ ವಿಳಾಸ ಮಾತ್ರ ಸೇರುತ್ತಿತ್ತು. ಪೆನ್‌ಡ್ರೈವ್‌ಗೆ ಸ್ಲೈಡ್‌ಗಳನ್ನಷ್ಟೇ ಹಾಕಿಕೊಂಡು ಹೋದರೆ ವಿಡಿಯೊ ಮನೆಯಲ್ಲೇ ಉಳಿಯುತ್ತಿತ್ತು. 2010ರ ಆವೃತ್ತಿಯಿಂದ ವಿಡಿಯೊ ಫೈಲ್‌ನ ಒಳಗೇ ಸೇರುತ್ತದೆ. ಆದರೂ ಸೇರಿಸುವಾಗ 'ಲಿಂಕ್ ಟು ಫೈಲ್' ಆಯ್ಕೆ ಒತ್ತಿದರೆ ಹಳೆಯ ಕಥೆಯೇ. ಆನ್‌ಲೈನ್ ವಿಡಿಯೊ ಎಂದು ಯೂಟ್ಯೂಬ್ ಕೊಂಡಿ ಹಾಕಿದರೂ ಒಳಗೆ ಏನೂ ಇರುವುದಿಲ್ಲ, ಸಭಾಂಗಣದಲ್ಲಿ ಇಂಟರ್ನೆಟ್ ಬೇಕು. ಗೂಗಲ್ ಸ್ಲೈಡ್ಸ್ ಬಳಸುವವರು ಸಹ ಇದನ್ನು ನೆನಪಿಡಬೇಕು. ಸ್ಲೈಡ್‌ಗಳನ್ನು ಪಿಡಿಎಫ್ ಮಾಡಿ ಕೊಂಡೊಯ್ದರೆ ವಿಡಿಯೊ ಬರೇ ಚಿತ್ರವಾಗುತ್ತದೆ. ಹಳೆಯ ಪಿಪಿಟಿ ರೂಪದಲ್ಲಿ ಉಳಿಸಬೇಡಿ, ಪಿಪಿಟಿಎಕ್ಸ್ ಆಗಿಯೇ ಇರಲಿ.

ರೂಪದ ಬಗ್ಗೆ ಹೇಳುವುದಾದರೆ, ಎಂಪಿ4 ಫೈಲ್, ಅದರೊಳಗೆ ಎಚ್.264 ವಿಡಿಯೊ ಮತ್ತು ಎಎಸಿ ಧ್ವನಿ. ಇದು ಬಹುತೇಕ ಎಲ್ಲ ಕಂಪ್ಯೂಟರ್‌ಗಳಲ್ಲೂ ಓಡುತ್ತದೆ. ಐಫೋನ್‌ನಲ್ಲಿ ತೆಗೆದ ವಿಡಿಯೊ 2017ರಿಂದೀಚೆಗೆ ಎಚ್‌ಇವಿಸಿ ಎಂಬ ಬೇರೆ ರೂಪದಲ್ಲಿರುವುದು ಸಾಮಾನ್ಯ, ಕೆಲವು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ತೆರೆಯುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಎಂದು ಬದಲಿಸಿಕೊಂಡರೆ ಸಮಸ್ಯೆಯಿಲ್ಲ, ಆದರೆ ಗಾತ್ರ ದೊಡ್ಡದಾಗುತ್ತದೆ. 1080ಪಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 130 ಎಂಬಿ, 4ಕೆ ಆದರೆ ಸುಮಾರು 350 ಎಂಬಿ. ಸಭಾಂಗಣದ ಸಾಮಾನ್ಯ ಪ್ರೊಜೆಕ್ಟರ್‌ಗೆ 720ಪಿ ಧಾರಾಳ ಸಾಕು. ಪವರ್‌ಪಾಯಿಂಟ್‌ನ ಫೈಲ್ ಮೆನುವಿನಲ್ಲಿ ಇನ್ಫೋ ಎಂಬಲ್ಲಿರುವ 'ಕಂಪ್ರೆಸ್ ಮೀಡಿಯಾ' ಈ ಕೆಲಸವನ್ನು ಮಾಡಿಕೊಡುತ್ತದೆ. ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿರಿ, ವಿಡಿಯೊ ಆಗಿ ಕಳುಹಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ.

ಬೇಡದ ಭಾಗವನ್ನು ತೆಗೆಯಲು ಪವರ್‌ಪಾಯಿಂಟ್‌ನಲ್ಲಿ 'ಟ್ರಿಮ್ ವಿಡಿಯೊ' ಇದೆ. ಬಹಳ ಅನುಕೂಲ, ಆದರೆ ಒಂದು ಎಚ್ಚರ ಅಗತ್ಯ. ಟ್ರಿಮ್ ಮಾಡಿದ ಮಾತ್ರಕ್ಕೆ ಆ ಭಾಗ ಅಳಿದುಹೋಗುವುದಿಲ್ಲ, ಫೈಲ್‌ನೊಳಗೆ ಅಡಗಿರುತ್ತದೆ. ಸ್ಲೈಡ್‌ಗಳನ್ನು ಇನ್ನೊಬ್ಬ ಶಿಕ್ಷಕರಿಗೆ ಕೊಟ್ಟರೆ ಅವರು ಅದನ್ನು ಮತ್ತೆ ಎಳೆದು ತೆರೆಯಬಹುದು. ಮಕ್ಕಳಿಗೆ ತೋರಿಸಬಾರದ ದೃಶ್ಯ, ಅಥವಾ ಆಪ್ತಸಲಹೆಯ ವೇಳೆ ಯಾರೋ ಅತ್ತ ಕ್ಷಣ ಆ ಅಡಗಿದ ಭಾಗದಲ್ಲಿದ್ದರೆ? ಇಂಥವನ್ನು ಮೊಬೈಲ್‌ನಲ್ಲೇ ಕತ್ತರಿಸಿ, ಕತ್ತರಿಸಿದ ಪ್ರತಿಯನ್ನು ಮಾತ್ರ ಸ್ಲೈಡ್‌ಗೆ ಹಾಕಬೇಕು.

ವಿಡಿಯೊ ಶುರುವಾಗುವ ಬಗೆಯನ್ನು 'ಪ್ಲೇಬ್ಯಾಕ್' ಪಟ್ಟಿಯಲ್ಲಿ ನಿಗದಿಪಡಿಸಬಹುದು. 'ವೆನ್ ಕ್ಲಿಕ್ಡ್ ಆನ್' ಎಂದಿದ್ದರೆ ಮೌಸ್‌ನಿಂದ ವಿಡಿಯೊದ ಮೇಲೆಯೇ ಒತ್ತಬೇಕು. ಕೈಯಲ್ಲಿರುವ ಕ್ಲಿಕರ್ ಒತ್ತಿದರೆ ಮುಂದಿನ ಸ್ಲೈಡ್‌ಗೆ ಹಾರಿಬಿಡುತ್ತದೆ, ಅನೇಕರು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ. ನಮ್ಮ ಸಲಹೆ ಹೀಗಿದೆ: ಮೊದಲು ಪ್ರಶ್ನೆ ಮಾತ್ರವಿರುವ ಒಂದು ಸ್ಲೈಡ್, ಅದರ ನಂತರ ತುಂಬ ಕಪ್ಪು ಹಿನ್ನೆಲೆಯಲ್ಲಿ ತಾನಾಗಿ ಶುರುವಾಗುವ ವಿಡಿಯೊ, ಆಮೇಲೆ ಏನೂ ಇಲ್ಲದ ಒಂದು ಕಪ್ಪು ಸ್ಲೈಡ್. ಆ ಕಪ್ಪು ಸ್ಲೈಡ್ ಮೌನಕ್ಕಾಗಿ. ಅರ್ಧ ನಿಮಿಷ ಯಾರೂ ಮಾತನಾಡದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಧ್ಯಾನಕೂಟಗಳಲ್ಲಿ ಮೌನದ ಬೆಲೆ ಗೊತ್ತಿರುವ ನಾವೇ ಪ್ರೊಜೆಕ್ಟರ್ ಮುಂದೆ ಅದನ್ನು ಮರೆಯುತ್ತೇವೆ. ನಡುವೆ ವಿಡಿಯೊ ನಿಲ್ಲಿಸಲು ವಿಂಡೋಸ್‌ನಲ್ಲಿ ಆಲ್ಟ್ ಕೀ ಜೊತೆಗೆ ಪಿ ಒತ್ತಿದರಾಯಿತು. ಬರೇ ಬಿ ಅಕ್ಷರ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ.

ಕಾಣಿಸುವುದಕ್ಕಿಂತ ಕೇಳಿಸುವುದು ಮುಖ್ಯ

ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಧ್ವನಿ ಕೇಳಿಸದಿದ್ದರೆ ಇಲ್ಲ. ಹಳೆಯ ನೀಲಿ ತುದಿಯ ವಿಜಿಎ ಕೇಬಲ್‌ನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಎಚ್‌ಡಿಎಂಐ ಕೇಬಲ್‌ನಲ್ಲಿ ಎರಡೂ ಹೋಗುತ್ತವೆ, ಆದರೆ ಇಲ್ಲಿ ಇನ್ನೊಂದು ತೊಡಕು: ಕೇಬಲ್ ಚುಚ್ಚಿದೊಡನೆ ಧ್ವನಿ ಪ್ರೊಜೆಕ್ಟರ್‌ನ ಪುಟ್ಟ ಸ್ಪೀಕರಿಗೆ ಹೊರಟುಹೋಗಬಹುದು, ಸಭಾಂಗಣದ ಸೌಂಡ್ ಬಾಕ್ಸ್ ಸುಮ್ಮನಿರುತ್ತದೆ. ಪರದೆಯ ಕೆಳಗಿನ ಸ್ಪೀಕರ್ ಗುರುತನ್ನು ಒತ್ತಿ ಧ್ವನಿ ಎಲ್ಲಿಗೆ ಹೋಗಬೇಕೆಂದು ಬದಲಿಸಬೇಕು. ಲ್ಯಾಪ್‌ಟಾಪ್‌ನ ಇಯರ್‌ಫೋನ್ ತೂತಿನಿಂದ ಮಿಕ್ಸರ್‌ಗೆ ಒಂದು ವೈರ್ ಎಳೆಯುವುದೇ ಭರವಸೆಯ ದಾರಿ. 'ಗುಂಯ್' ಎಂದು ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದು ನೋಡಿರಿ, ಎಷ್ಟೋ ಸಲ ಅಷ್ಟರಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಮುಂದೆ ಮೈಕ್ ಹಿಡಿದು ನಿಲ್ಲುವ ಪದ್ಧತಿ ಕೊನೆಯ ಉಪಾಯವಾಗಿ ಮಾತ್ರ ಇರಲಿ.

ಬೆಳಿಗ್ಗೆಯ ಪೂಜೆಯ ನಂತರ ನಡೆಯುವ ತರಗತಿಯಲ್ಲಿ ಸಭಾಂಗಣದ ಕಿಟಕಿಗಳಿಂದ ಬೆಳಕು ನುಗ್ಗುತ್ತಿರುತ್ತದೆ. ರಾತ್ರಿಯ ದೃಶ್ಯ, ಗೆತ್ಸೆಮನೆ ತೋಟದ ದೃಶ್ಯ ಇಂಥ ಕಡೆ ಕಾಣುವುದೇ ಇಲ್ಲ. ಹಗಲಿನ ದೃಶ್ಯವಿರುವ ತುಣುಕನ್ನು ಆರಿಸುವುದೇ ಜಾಣತನ.

ನಾವೇ ತೆಗೆದ ವಿಡಿಯೊ

ದೊಡ್ಡ ಸಿನಿಮಾಕ್ಕಿಂತ ಸ್ವಂತ ಊರಿನ ಒಂದು ನಿಮಿಷ ಹೆಚ್ಚು ಮಾತನಾಡುವುದುಂಟು. ಐವತ್ತು ವರ್ಷ ದಾಂಪತ್ಯ ನಡೆಸಿದ ಅಜ್ಜ-ಅಜ್ಜಿಯನ್ನು ಅವರ ಮನೆಯ ಜಗಲಿಯಲ್ಲೇ ಕೂರಿಸಿ, 'ಜಗಳವಾದ ಮೇಲೆ ಮೊದಲು ಮಾತನಾಡಿದ್ದು ಯಾರು?' ಎಂದು ಕೇಳಿ ಚಿತ್ರಿಸಿದರೆ ವಿವಾಹ ಸಿದ್ಧತಾ ಶಿಬಿರಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ಮೊಬೈಲನ್ನು ಅಡ್ಡವಾಗಿ ಹಿಡಿಯಿರಿ. ಮಾತನಾಡುವವರ ಹತ್ತಿರವೇ ಇರಿ, ಫ್ಯಾನ್ ನಿಲ್ಲಿಸಿರಿ, ಬೆಳಕು ಅವರ ಮುಖದ ಮೇಲಿರಲಿ, ಬೆನ್ನ ಹಿಂದೆ ಕಿಟಕಿ ಬೇಡ.

ಅನುಮತಿಯನ್ನು ಮಾತ್ರ ಮರೆಯಬೇಡಿ. ಯಾವ ಕಾರ್ಯಕ್ರಮಕ್ಕೆ, ಯಾರ ಮುಂದೆ ತೋರಿಸುತ್ತೇವೆ ಎಂದು ಹೇಳಿ ಕೇಳಬೇಕು. ಮಕ್ಕಳಾದರೆ ತಂದೆತಾಯಿಯರ ಒಪ್ಪಿಗೆ ಬೇಕು. ಆಶ್ರಮಕ್ಕೆ, ಅನಾಥಾಲಯಕ್ಕೆ ಭೇಟಿಯಿತ್ತಾಗ ಅಲ್ಲಿನ ಮಕ್ಕಳ ಮುಖವನ್ನು ಚಿತ್ರೀಕರಿಸಿ ಹೋದಲ್ಲೆಲ್ಲ ತೋರಿಸುವುದನ್ನು ನಾವು ಒಪ್ಪುವುದಿಲ್ಲ. ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯಿದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಕಾನೂನನ್ನು ಬದಿಗಿಟ್ಟರೂ, ಬಡವನ ಮುಖ ನಮ್ಮ ಸ್ಲೈಡ್‌ನ ಅಲಂಕಾರವಲ್ಲ.

ಪರರ ಸಿನಿಮಾ, ಪರರ ಹಕ್ಕು

'ಧರ್ಮದ ಕೆಲಸಕ್ಕೆ ತಾನೇ, ಕಾಪಿರೈಟ್ ಏನು?' ಎಂದು ಕೇಳುವವರಿದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್‌ನಲ್ಲಿ ಕೆಲವು ವಿನಾಯಿತಿಗಳಿವೆ. ನೈಜ ಧಾರ್ಮಿಕ ವಿಧಿಯ ಸಂದರ್ಭದ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ಕೃತಿಗಳನ್ನೂ ಧ್ವನಿಮುದ್ರಣವನ್ನೂ ಹೆಸರಿಸುತ್ತದೆ, ಚಲನಚಿತ್ರವನ್ನು ಹೆಸರಿಸುವುದಿಲ್ಲ. ಶಿಕ್ಷಣ ಸಂಸ್ಥೆಯೊಂದರ ಚಟುವಟಿಕೆಯಲ್ಲಿ ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮುಂತಾದವರಿಗೆ ಸೀಮಿತವಾಗಿ ಚಿತ್ರ ತೋರಿಸಲು ಅವಕಾಶವಿದೆ. ವಿಮರ್ಶೆಗಾಗಿ ಮಿತವಾಗಿ ಬಳಸುವುದಕ್ಕೂ ಅವಕಾಶವಿದೆ. ಟಿಕೆಟಿಟ್ಟು ತೋರಿಸುವುದು, ಇಡೀ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಹಂಚುವುದು, ಕಾರ್ಯಕ್ರಮದ ನೇರಪ್ರಸಾರದಲ್ಲಿ ಸಿನಿಮಾ ದೃಶ್ಯವೂ ಹೋಗುವುದು, ಇವು ಬೇರೆಯೇ ವಿಚಾರಗಳು. ನೇರಪ್ರಸಾರವಿದ್ದರೆ ತುಣುಕಿನ ಹೊತ್ತಿಗೆ ಕ್ಯಾಮೆರಾವನ್ನು ಸಭಿಕರತ್ತ ತಿರುಗಿಸಿ, ಧ್ವನಿಯನ್ನೂ ತಗ್ಗಿಸಿರಿ. ಏಳನೇ ಆಜ್ಞೆಯನ್ನು ಕಲಿಸುವ ತರಗತಿಯಲ್ಲಿ ಕದ್ದ ಪ್ರತಿ ಓಡುವುದು ಶೋಭೆಯಲ್ಲ.

ಬಲಿಪೂಜೆಯ ವೇಳೆ ಪರದೆ ಇಳಿಸಬಹುದೇ ಎಂದು ಕೆಲವರು ವಿಚಾರಿಸುತ್ತಾರೆ. ಮಕ್ಕಳ ಪೂಜೆಗಳಿಗಾಗಿ 1973ರಲ್ಲಿ ಹೊರಟ ನಿರ್ದೇಶಿಕೆ ಚಿತ್ರಗಳ ಬಳಕೆಗೆ, ಅದರಲ್ಲೂ ಮಕ್ಕಳೇ ತಯಾರಿಸಿದ ಚಿತ್ರಗಳಿಗೆ ಅವಕಾಶ ನೀಡುತ್ತದೆ. ಸಿನಿಮಾ ತುಣುಕು ಬೇರೆ. ಪ್ರಬೋಧನೆ ಪೂಜಾವಿಧಿಯ ಅಂಗ, ಅಲ್ಲಿ ಕತ್ತಲು ಮಾಡಿ ಪರದೆ ನೋಡುವುದು ನಮಗೆ ಸರಿಕಾಣುವುದಿಲ್ಲ. ಪೂಜೆಯ ನಂತರದ ಸಭಾಂಗಣ ಇದ್ದೇ ಇದೆ.

ಕಾರ್ಯಕ್ರಮದ ದಿನ

ಅರ್ಧ ಗಂಟೆ ಮೊದಲೇ ತಲಪಿ, ಫೈಲನ್ನು ಪೆನ್‌ಡ್ರೈವ್‌ನಿಂದ ಕಂಪ್ಯೂಟರ್‌ನ ಡೆಸ್ಕ್‌ಟಾಪ್‌ಗೆ ನಕಲಿಸಿ, ಅದೇ ಪ್ರೊಜೆಕ್ಟರ್, ಅದೇ ಸೌಂಡ್ ಬಾಕ್ಸ್‌ನಲ್ಲಿ ವಿಡಿಯೊವನ್ನು ಆರಂಭದಿಂದ ಕೊನೆಯವರೆಗೆ ಓಡಿಸಿರಿ. ಮೊದಲ ಹತ್ತು ಸೆಕೆಂಡ್ ಓಡಿಸಿ 'ಸರಿಯಿದೆ' ಎಂದು ಬಿಡಬೇಡಿ. ಎಂಪಿ4 ಪ್ರತಿಯೊಂದು ಬೇರೆಯಾಗಿಯೂ ಜೊತೆಯಲ್ಲಿರಲಿ, ಪವರ್‌ಪಾಯಿಂಟ್ ಕೈಕೊಟ್ಟರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ತೋರಿಸಬಹುದು. ಇನ್ವರ್ಟರ್‌ಗೆ ಪ್ರೊಜೆಕ್ಟರ್‌ನ ಸಂಪರ್ಕವಿದೆಯೇ, ಬರೇ ಫ್ಯಾನ್-ಲೈಟ್‌ಗಳಿಗೆ ಮಾತ್ರವೇ ಎಂದು ಸಭಾಂಗಣ ನೋಡಿಕೊಳ್ಳುವವರನ್ನು ವಿಚಾರಿಸಿರಿ. ಜೂನ್-ಜುಲಾಯಿಯ ಗಾಳಿಮಳೆಯಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಹೊಸತೇನಲ್ಲ. ಹೋದರೆ ಐದು ನಿಮಿಷಕ್ಕಿಂತ ಹೆಚ್ಚು ಕಾಯಬೇಡಿ. ಬಂಡೆ, ಮೂಟೆ, ಚೂರಿ, ಹಗ್ಗ ಎಲ್ಲವನ್ನೂ ನೀವು ನೋಡಿದ್ದೀರಿ. ಲ್ಯಾಪ್‌ಟಾಪ್ ಮುಚ್ಚಿ ಮಕ್ಕಳ ಹತ್ತಿರ ಬಂದು ನಿಂತು ಕಥೆಯನ್ನು ಬಾಯಿಯಿಂದಲೇ ಹೇಳಿ, ಅದೇ ಪ್ರಶ್ನೆಯನ್ನು ಕೇಳಿರಿ.